ಹಿಂಡು ಎಲ್ಲೋ ಹಟ್ಟಿ ಅಲ್ಲೇ

ಶಹಾಪುರ ತಾಲ್ಲೂಕಿನ ವನದುರ್ಗ. ಜನವರಿ ಕೊನೆಯ ಒಂದು ಸಂಜೆ. ಸುರಪುರ ನಾಯಕರ ಕಾಲದ ಕೋಟೆಯ ಗೋಡೆ ಇಳಿಬಿಸಿಲಿಗೆ ಕೆಂಪಾಗಿತ್ತು. ಕೋಟೆಯಾಚೆ, ಹತ್ತಿ ಬಿಡಿಸಿ ಮುಗಿದ ಹೊಲಕ್ಕೆ ಕುರಿ ಹಿಂಡೊಂದು ಬಂದಿಳಿಯುತ್ತಿತ್ತು. ಕಂದು ಮೈಯ ಕೆಂಗುರಿಗಳು, ನಡುನಡುವೆ ಒಂದೆರಡು ಕರಿ ಆಡು, ಹಿಂದೆ ಪಾತ್ರೆ, ಹಾಸಿಗೆ, ಕಂಬಳಿ ಹೊತ್ತ ಕುದುರೆ. ಕುದುರೆಯ ಬೆನ್ನಿನ ಜೋಳಿಗೆಯಿಂದ ಎರಡು ದಿನದ ಮರಿಯೊಂದು ತಲೆ ಹೊರಹಾಕಿ ನೋಡುತ್ತಿತ್ತು.

ಹಿರಿಯ ಕುರಿಗಾಹಿಯೊಬ್ಬರು ಹೊಲದ ನಾಲ್ಕೂ ಮೂಲೆಗೆ ನಡೆದು ಬಂದರು. ಬಾಗಿ ಮಣ್ಣು ಮುಟ್ಟಿ ನೋಡಿದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮುಖ ಎತ್ತಿ ನಿಂತರು. ಆಮೇಲೆ ಹೊಲದ ನಡುವಿನ ಬಯಲಲ್ಲಿ ಗೂಟ ಹೊಡೆದು ಬಲೆ ಕಟ್ಟಿಸಿದರು. ನೂರು ಮಾರು ದೂರದಲ್ಲೇ ದೊಡ್ಡ ಹುಣಸೆ ಮರವಿತ್ತು. ನನಗೆ ಕುತೂಹಲ ತಡೆಯಲಿಲ್ಲ.

‘ಯಜಮಾನ್ರ, ಆ ಹುಣಸಿ ಗಿಡದ ಬುಡಕ ಚಲೋ ನೆಳ್ಳ ಅದ. ಅಲ್ಲಿ ಯಾಕ ಹಾಕಲಿಲ್ಲ ಹಟ್ಟಿ?’

‘ನೆಳ್ಳ ನಮಗ ಬೇಕ್ರೀ ಸರ, ಕುರಿಗಲ್ಲ. ಜಾಗಾ ಚಂದ ಅದ ಅಂತ ಹಟ್ಟಿ ಹಾಕಂಗಿಲ್ಲ. ನಾಳಿ ಮುಂಜಾನಿ ಹಿಂಡು ಯಾವ ದಿಕ್ಕಿಗೆ ಮಾರಿ ಮಾಡ್ತದ, ನೀರು ಎಷ್ಟು ದೂರ ಅದ, ಅದನ್ನ ನೋಡಿ ಹಾಕಬೇಕು’ ಎಂದರು.

ಆ ಮಾತು ಕೇಳುವ ಎರಡು ದಿನ ಮೊದಲು ಬೆಂಗಳೂರಿನಿಂದ ಹತ್ತಿರದ ಬಂಧುವೊಬ್ಬರು ಫೋನ್ ಮಾಡಿದ್ದರು. ಮಕ್ಕಳ ಬೇಸಿಗೆ ರಜೆಗೆ ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗುವ ಆಸೆ ಅವರಿಗೆ. ಟಿ.ವಿ.ಯಲ್ಲಿ ನೋಡಿದ ದೃಶ್ಯ ಮಕ್ಕಳ ಕಣ್ಣಲ್ಲಿದೆ: ಲಕ್ಷಗಟ್ಟಲೆ ವೈಲ್ಡ್‌ಬೀಸ್ಟ್‌ಗಳು ಮೊಸಳೆ ತುಂಬಿದ ನದಿಗೆ ದುಮುಕಿ ದಾಟುವುದು. ಅವರ ಪ್ರಶ್ನೆ ಒಂದೇ. ‘ಯಾವ ರೆಸಾರ್ಟ್ ಚೆನ್ನಾಗಿದೆ? ಈಜುಕೊಳ ಇರುವುದು ಬೇಕಾ, ಗುಡಾರದ್ದು ಬೇಕಾ?’ ನಾನು ಉತ್ತರ ಹುಡುಕುತ್ತಿದ್ದೆ. ಅದು ಸಿಕ್ಕಿದ್ದು ವನದುರ್ಗದ ಹತ್ತಿ ಹೊಲದಲ್ಲಿ.

ಮಳೆಯ ಬೆನ್ನು ಹತ್ತಿದ ಹಿಂಡು

ತಾಂಜಾನಿಯಾದ ಸೆರೆಂಗೆಟಿ ಮತ್ತು ಕೀನ್ಯಾದ ಮಸಾಯಿ ಮಾರಾ ಎರಡು ದೇಶಗಳ ಎರಡು ಹೆಸರು. ಹಿಂಡಿನ ಪಾಲಿಗೆ ಅದು ಒಂದೇ ಹುಲ್ಲುಗಾವಲು. ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 14,763 ಚದರ ಕಿ.ಮೀ.; ಅದರ ಉತ್ತರಕ್ಕೆ ಅಂಟಿಕೊಂಡ ಮಸಾಯಿ ಮಾರಾ ಮೀಸಲು ಪ್ರದೇಶ ಸುಮಾರು 1,510 ಚದರ ಕಿ.ಮೀ. ಇಷ್ಟು ನೆಲದಲ್ಲಿ ಹದಿಮೂರು ಲಕ್ಷದಷ್ಟು ವೈಲ್ಡ್‌ಬೀಸ್ಟ್‌ಗಳು, ಎರಡು ಲಕ್ಷಕ್ಕೂ ಹೆಚ್ಚು ಜೀಬ್ರಾಗಳು, ಲಕ್ಷಗಟ್ಟಲೆ ಗಸೆಲ್ ಜಿಂಕೆಗಳು ವರ್ಷವಿಡೀ ಸುತ್ತು ಹಾಕುತ್ತವೆ. ಇದಕ್ಕೆ ಆರಂಭವೂ ಇಲ್ಲ, ಕೊನೆಯೂ ಇಲ್ಲ. ಎಲ್ಲಿ ಮಳೆ ಬಿದ್ದು ಹುಲ್ಲು ಚಿಗುರಿತೋ ಹಿಂಡು ಅತ್ತ ಮುಖ ಮಾಡುತ್ತದೆ.

ಜನವರಿಯಿಂದ ಮಾರ್ಚ್‌ವರೆಗೆ ಹಿಂಡು ಸೆರೆಂಗೆಟಿಯ ದಕ್ಷಿಣದಲ್ಲಿ, ಎಂಡುಟು ಸುತ್ತಲಿನ ಬಯಲಿನಲ್ಲಿ ಇರುತ್ತದೆ. ಅಲ್ಲಿನ ಮಣ್ಣು ಜ್ವಾಲಾಮುಖಿಯ ಬೂದಿಯಿಂದಾದದ್ದು. ಅದರಲ್ಲಿ ಬೆಳೆಯುವ ಗಿಡ್ಡ ಹುಲ್ಲಿನಲ್ಲಿ ಸುಣ್ಣದಂಶ, ರಂಜಕ ಹೆಚ್ಚು. ಬಾಣಂತಿಗೆ ಬೇಕಾದ್ದು ಅದೇ. ಹಾಗಾಗಿ ಫೆಬ್ರುವರಿಯ ಎರಡು ಮೂರು ವಾರಗಳಲ್ಲಿ ಲಕ್ಷಗಟ್ಟಲೆ ಕರುಗಳು ಅಲ್ಲಿ ಹುಟ್ಟುತ್ತವೆ. ಹುಟ್ಟಿದ ಕರು ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ, ನಿಲ್ಲದಿದ್ದರೆ ಕತ್ತೆಕಿರುಬನ ಪಾಲು. ಎಲ್ಲವೂ ಒಟ್ಟಿಗೆ ಹುಟ್ಟುವುದರಿಂದ ಬೇಟೆಗಾರ ಪ್ರಾಣಿಗಳು ತಿಂದು ಮುಗಿಸಲಾರವು. ಅದೇ ಹಿಂಡಿನ ಉಪಾಯ.

ಏಪ್ರಿಲ್, ಮೇ ದೊಡ್ಡ ಮಳೆಯ ತಿಂಗಳು. ದಕ್ಷಿಣದ ಹುಲ್ಲು ಮುಗಿದ ಹಿಂಡು ಸೆರೋನೆರಾ ಬದಿಯಿಂದ ಮಧ್ಯ ಮತ್ತು ಪಶ್ಚಿಮ ಸೆರೆಂಗೆಟಿಯತ್ತ ನಡೆಯುತ್ತಿರುತ್ತದೆ. ಜೂನ್ ಹೊತ್ತಿಗೆ ಗ್ರುಮೆಟಿ ನದಿಯ ಸುತ್ತ. ಜುಲೈನಿಂದ ಅಕ್ಟೋಬರ್‌ವರೆಗೆ ಉತ್ತರದ ಕೊಗಾಟೆಂಡೆ, ಲಮಾಯ್ ಪ್ರದೇಶ ಮತ್ತು ಮಸಾಯಿ ಮಾರಾ. ಟಿ.ವಿ.ಯಲ್ಲಿ ಕಾಣುವ ಮಾರಾ ನದಿಯ ದಾಟುವಿಕೆ ಈ ನಾಲ್ಕು ತಿಂಗಳದ್ದು. ನವೆಂಬರ್‌ನಲ್ಲಿ ಸಣ್ಣ ಮಳೆ ಶುರುವಾದೊಡನೆ ಹಿಂಡು ದಕ್ಷಿಣಕ್ಕೆ ತಿರುಗುತ್ತದೆ.

ಈಗ ನಮ್ಮ ಬಂಧುವಿನ ಬೇಸಿಗೆ ರಜೆಯನ್ನು ಈ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿ. ಏಪ್ರಿಲ್–ಮೇ ತಿಂಗಳಲ್ಲಿ ಮಸಾಯಿ ಮಾರಾದ ಅತ್ಯುತ್ತಮ ರೆಸಾರ್ಟಿನಲ್ಲಿ ಕುಳಿತರೂ ಆ ದೊಡ್ಡ ಹಿಂಡು ಅಲ್ಲಿಲ್ಲ. ಸಿಂಹ, ಆನೆ, ಜಿರಾಫೆ ಕಾಣುತ್ತವೆ. ಮಕ್ಕಳು ಕಾಯುತ್ತಿದ್ದ ನದಿ ದಾಟುವ ದೃಶ್ಯ ಮಾತ್ರ ಇಲ್ಲ. ಅದೇ ಕುಟುಂಬ ದಸರಾ ರಜೆಗೆ ಹೋದರೆ, ದಸರಾ ಅಕ್ಟೋಬರ್ ಮೊದಲ ಭಾಗಕ್ಕೆ ಬಂದ ವರ್ಷ, ಹಿಂಡು ಇನ್ನೂ ಮಾರಾದಲ್ಲಿರುವ ಸಾಧ್ಯತೆ ಚೆನ್ನಾಗಿದೆ. ಮೊದಲು ತಿಂಗಳು, ಆಮೇಲೆ ಊರು, ಕೊನೆಗೆ ಹಾಸಿಗೆ. ನಮ್ಮಲ್ಲಿ ಬಹುತೇಕರು ಇದನ್ನು ತಲೆಕೆಳಗು ಮಾಡುತ್ತೇವೆ.

ಕಾಯಂ ಮನೆ, ನಡೆಯುವ ಮನೆ

ಅಲ್ಲಿ ತಂಗಲು ಮೂರು ಬಗೆಯ ಜಾಗಗಳಿವೆ. ಒಂದು, ಗೋಡೆ, ಛಾವಣಿ ಇರುವ ಕಾಯಂ ಲಾಡ್ಜ್. ಸೌಕರ್ಯ ಹೆಚ್ಚು, ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅನುಕೂಲ. ಹಿಂಡು ಆ ಕಡೆ ಬಂದಾಗ ಮಾತ್ರ ಅದು ಒಳ್ಳೆಯ ಜಾಗ. ಹಿಂಡು ದೂರವಿದ್ದರೆ ದಿನದ ಅರ್ಧ ಜೀಪಿನಲ್ಲೇ ಕಳೆಯುತ್ತದೆ.

ಎರಡನೆಯದು ನಡೆಯುವ ಶಿಬಿರ. ಕ್ಯಾನ್ವಾಸ್ ಗುಡಾರಗಳು, ಒಳಗೆ ಮಂಚ, ಬಕೆಟ್ಟಿನಲ್ಲಿ ಬಿಸಿನೀರು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಎಂಡುಟು ಬಳಿ ಹಾಕಿದ ಶಿಬಿರವನ್ನು ಕಿತ್ತು, ಜುಲೈ ಹೊತ್ತಿಗೆ ಕೊಗಾಟೆಂಡೆಗೆ ಒಯ್ದು ಹೂಡುತ್ತಾರೆ. ಜಾಗ ಬಿಟ್ಟ ಮೇಲೆ ಅಲ್ಲಿ ಗುರುತು ಉಳಿಯಬಾರದು. ಇದನ್ನು ಓದಿದಾಗ ನನಗೆ ಹೊಸದೆನಿಸಲಿಲ್ಲ. ಇದು ಹಟ್ಟಿಯೇ.

ಮೂರನೆಯದು ಕನ್ಸರ್ವೆನ್ಸಿ. ಮಸಾಯಿ ಮಾರಾ ಮೀಸಲು ಪ್ರದೇಶದ ಅಂಚಿನಲ್ಲಿ ಮಸಾಯಿ ಕುಟುಂಬಗಳ ಸ್ವಂತ ಜಮೀನಿದೆ. ಮಾರಾ ನಾರ್ತ್, ನಬೋಯಿಶೋ, ಓಲಾರೆ ಮೊಟೊರೊಗಿಯಂಥ ಕಡೆ ಆ ಜಮೀನುದಾರರು ಒಟ್ಟಾಗಿ ನೆಲವನ್ನು ವನ್ಯಜೀವಿಗಳಿಗೆ ಬಿಟ್ಟು, ಶಿಬಿರ ನಡೆಸುವವರಿಂದ ತಿಂಗಳು ತಿಂಗಳು ಬಾಡಿಗೆ ಪಡೆಯುತ್ತಾರೆ. ಇಷ್ಟು ಎಕರೆಗೆ ಇಷ್ಟೇ ಗುಡಾರ ಎಂಬ ಮಿತಿ ಇದೆ. ಮೀಸಲು ಪ್ರದೇಶದ ಒಳಗೆ ಅವಕಾಶವಿಲ್ಲದ ರಾತ್ರಿ ಸಫಾರಿ, ನಡಿಗೆ ಇಲ್ಲಿ ಸಾಧ್ಯ. ಒಂದು ಸಿಂಹದ ಸುತ್ತ ಮೂವತ್ತು ಜೀಪು ನಿಲ್ಲುವ ಗದ್ದಲ ಇಲ್ಲಿಲ್ಲ. ನದಿ ದಾಟುವುದನ್ನು ನೋಡಬೇಕಾದರೆ ಮಾತ್ರ ಇಲ್ಲಿಂದ ಮೀಸಲು ಪ್ರದೇಶದೊಳಕ್ಕೆ ಹೋಗಿ ಬರಬೇಕು.

ಲೆಕ್ಕದ ಮಾತೂ ಇದೆ. ಮಸಾಯಿ ಮಾರಾ ಮೀಸಲು ಪ್ರದೇಶಕ್ಕೆ ವಿದೇಶಿ ವಯಸ್ಕರ ಪ್ರವೇಶ ಶುಲ್ಕ 2024ರಿಂದ ಜನವರಿ–ಜೂನ್‌ನಲ್ಲಿ ದಿನಕ್ಕೆ 100 ಡಾಲರ್, ಜುಲೈ–ಡಿಸೆಂಬರ್‌ನಲ್ಲಿ 200 ಡಾಲರ್. ಟಿಕೆಟ್ಟಿನ ಅವಧಿ ಬೆಳಿಗ್ಗೆ ಆರರಿಂದ ಸಂಜೆ ಆರು. ಗೇಟಿನ ಹೊರಗೆ ಅಗ್ಗದ ಕೋಣೆ ಹಿಡಿದು ದಿನಕ್ಕೆರಡು ಗಂಟೆ ದಾರಿಯಲ್ಲಿ ಕಳೆದರೆ, ದುಬಾರಿ ಟಿಕೆಟ್ಟಿನ ಬೆಳಗಿನ ಹೊತ್ತೇ ಕೈಬಿಡುತ್ತದೆ. ಇನ್ನೊಂದು, ಹಿಂಡಿಗೆ ಗಡಿಯಿಲ್ಲ, ನಮಗಿದೆ. ಮಾರಾದಿಂದ ಸೆರೆಂಗೆಟಿಗೆ ಸ್ಯಾಂಡ್ ನದಿಯ ಬಳಿ ನೇರ ದಾಟಲು ಪ್ರವಾಸಿಗರಿಗೆ ಬಿಡುವುದಿಲ್ಲ. ಪಶ್ಚಿಮದ ಇಸೆಬಾನಿಯಾ ಸುತ್ತಿ ಬರಬೇಕು. ‘ಹಿಂಡು ಇಲ್ಲಿಲ್ಲದಿದ್ದರೆ ಅಲ್ಲಿಗೆ ಹೋದರಾಯಿತು’ ಎಂಬ ಮಾತು ನಡೆಯದು. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಾರಾಕ್ಕೆ ಹಾರುವ ಸಣ್ಣ ವಿಮಾನದಲ್ಲಿ 15 ಕೆ.ಜಿ.ಯ ಮೆತ್ತನೆಯ ಚೀಲಕ್ಕಷ್ಟೇ ಜಾಗ. ಕೀನ್ಯಾದಿಂದ ಭಾರತಕ್ಕೆ ಮರಳುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಬೇಕು, ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಲಸಿಕೆ ಹಾಕಿಸಿರಬೇಕು.

ದನಗಳ ಲಸಿಕೆ, ಕಾಡಿನ ಹಿಂಡು

ಆಫ್ರಿಕಾದ ಈ ಹಿಂಡಿಗೂ ದನಕರು ಸಾಕುವವರಿಗೂ ಇರುವ ನಂಟನ್ನು ನಮ್ಮ ಜನ ಬೇಗ ಅರ್ಥ ಮಾಡಿಕೊಳ್ಳುತ್ತಾರೆ. 1961ರಲ್ಲಿ ಸೆರೆಂಗೆಟಿಯ ವೈಲ್ಡ್‌ಬೀಸ್ಟ್‌ಗಳ ಎಣಿಕೆ ನಡೆದಾಗ ಸಿಕ್ಕಿದ್ದು ಸುಮಾರು ಎರಡೂವರೆ ಲಕ್ಷ ಮಾತ್ರ. ಅವುಗಳನ್ನು ಕೊಲ್ಲುತ್ತಿದ್ದದ್ದು ನಮ್ಮ ಹಳ್ಳಿಗಳಲ್ಲೂ ಕೊಟ್ಟಿಗೆ ಖಾಲಿ ಮಾಡಿದ್ದ ದೊಡ್ಡರೋಗ. ಸುತ್ತಲ ಹಳ್ಳಿಗಳ ದನಗಳಿಗೆ ಲಸಿಕೆ ಹಾಕಿದ ಮೇಲೆ ಕಾಡಿನ ಹಿಂಡಿನಲ್ಲೂ ರೋಗ ನಿಂತಿತು. 1977ರ ಹೊತ್ತಿಗೆ ಸಂಖ್ಯೆ ಹದಿಮೂರು ಲಕ್ಷ ದಾಟಿತ್ತು. 2011ರಲ್ಲಿ ಜಗತ್ತಿನಿಂದಲೇ ದೊಡ್ಡರೋಗ ಅಳಿಯಿತೆಂದು ಘೋಷಣೆಯಾಯಿತು. ಅಂದರೆ ಟಿ.ವಿ.ಯಲ್ಲಿ ನಾವು ಬೆರಗಿನಿಂದ ನೋಡುವ ಆ ಮಹಾ ವಲಸೆ, ಮಸಾಯಿ ದನಗಾಹಿಯ ಕೊಟ್ಟಿಗೆಯ ಆರೋಗ್ಯದ ಮೇಲೆ ನಿಂತಿದೆ. ಕಾಡು ಬೇರೆ, ಊರು ಬೇರೆ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಹೇಳಿ.

ನಮ್ಮ ಬೋನಾಳ

ವನದುರ್ಗ ಎಂದರೆ ಕಾಡೇ ರಕ್ಷಣೆಯಾದ ಕೋಟೆ. ಗಿರಿದುರ್ಗ, ಜಲದುರ್ಗ ಇದ್ದ ಹಾಗೆ. ಹೆಸರಿನಲ್ಲಿ ಉಳಿದ ಕಾಡು ಇಂದು ನೆಲದ ಮೇಲಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಬಂದ ಮೇಲೆ ಶಹಾಪುರ, ಸುರಪುರ ಸೀಮೆಯಲ್ಲಿ ಭತ್ತ, ಹತ್ತಿ ತುಂಬಿಕೊಂಡಿವೆ. ಆದರೂ ಈ ನೆಲಕ್ಕೆ ತನ್ನದೇ ಮಹಾ ವಲಸೆ ಇದೆ. ಅದನ್ನು ನೋಡಲು ಪಾಸ್‌ಪೋರ್ಟ್ ಬೇಡ.

ಸುರಪುರ ತಾಲ್ಲೂಕಿನ ಬೋನಾಳ ಕೆರೆಯನ್ನು ಹದಿನೇಳನೆಯ ಶತಮಾನದಲ್ಲಿ ಸುರಪುರದ ದೊರೆ ರಾಜಾ ಪಾಮ ನಾಯಕ ಕಟ್ಟಿಸಿದನೆನ್ನುತ್ತಾರೆ. 1841ರಿಂದ ಸುರಪುರದಲ್ಲಿ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಆಗಿದ್ದ, ಬಾಲಕ ರಾಜಾ ವೆಂಕಟಪ್ಪ ನಾಯಕನ ಪಾಲನೆ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಕಾಲದಲ್ಲಿ ಕೆರೆ ಮತ್ತೆ ದುರಸ್ತಿ ಕಂಡಿತು. ಹೊಲಕ್ಕೆ ನೀರು ಬೇಕೆಂದು ಕಟ್ಟಿದ ಕೆರೆ ಹಕ್ಕಿಗಳ ಧಾಮವೂ ಆಯಿತು. ರಾಜ್ಯದ ದೊಡ್ಡ ಪಕ್ಷಿಧಾಮಗಳನ್ನು ಹೆಸರಿಸುವಾಗ ರಂಗನತಿಟ್ಟಿನ ಬೆನ್ನಿಗೇ ಬೋನಾಳದ ಹೆಸರು ಬರುತ್ತದೆ.

ಚಳಿಗಾಲದಲ್ಲಿ ಇಲ್ಲಿಗೆ ಬರುವ ಅತಿಥಿಗಳಲ್ಲಿ ದೊಡ್ಡ ಹೆಸರು ಪಟ್ಟೆತಲೆ ಹೆಬ್ಬಾತಿನದು. ಮಂಗೋಲಿಯಾ, ಟಿಬೆಟ್, ಲಡಾಖ್‌ನ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಬರುವ ಹಕ್ಕಿ ಇದು. ಉಪಗ್ರಹ ಸಾಧನ ಕಟ್ಟಿ ಹಿಂಬಾಲಿಸಿದಾಗ ಸಮುದ್ರಮಟ್ಟದಿಂದ 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಮೈಸೂರು ಬಳಿಯ ಹದಿನಾರು ಕೆರೆಯಲ್ಲಿ ಕಾಣಿಸಿಕೊಂಡಿವೆ. ಮನುಷ್ಯ ಆಮ್ಲಜನಕದ ಸಿಲಿಂಡರ್ ಹೊತ್ತು ಏರುವ ಎತ್ತರವನ್ನು ಬರಿಯ ರೆಕ್ಕೆಯಿಂದ ದಾಟಿ ಬಂದು, ನಮ್ಮ ಸೀಮೆಯ ಭತ್ತದ ಕೂಳೆಯಲ್ಲಿ ಉದುರಿದ ಕಾಳು ಆರಿಸಿ ತಿನ್ನುತ್ತದೆ.

ನಾನು ಮೊದಲ ಸಲ ಬೋನಾಳಕ್ಕೆ ಹೋದಾಗ ಮಾಡಿದ್ದು ನಮ್ಮ ಬಂಧು ಮಾಡಲಿದ್ದ ತಪ್ಪನ್ನೇ. ಯಾದಗಿರಿಯಲ್ಲಿ ಒಳ್ಳೆಯ ಕೋಣೆ ಸಿಕ್ಕಿತೆಂದು ಅಲ್ಲೇ ಉಳಿದೆ. ಬೆಳಿಗ್ಗೆ ತಿಂಡಿ ಮುಗಿಸಿ, ಶಹಾಪುರ ದಾಟಿ, ಸುರಪುರದಲ್ಲಿ ಚಹಾ ಕುಡಿದು ಕೆರೆಯೇರಿ ಹತ್ತುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಕೆರೆಯ ನಟ್ಟನಡುವೆ, ಕಣ್ಣಿಗೆ ಎಟುಕದಷ್ಟು ದೂರದಲ್ಲಿ, ಬೂದು ಬಣ್ಣದ ಒಂದು ಗೆರೆ. ಹೆಬ್ಬಾತುಗಳು ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿ ಮಲಗಿದ್ದವು.

ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನನ್ನ ಕೊರಳಿನ ಬೈನಾಕ್ಯುಲರ್ ನೋಡಿ ನಿಂತರು. ‘ತಡಾ ಮಾಡಿ ಬಂದ್ರಿ ತಮ್ಮಾ. ರಾತ್ರಿಯೆಲ್ಲ ಹೊಲದಾಗ ಮೇದು ಬಂದಾವ, ಈಗ ಮಲಗ್ಯಾವ. ಹೊತ್ತು ಹುಟ್ಟೂದ್ರಾಗ ಇಲ್ಲಿರಬೇಕು’ ಎಂದರು.

ಎರಡನೆಯ ಸಲ ಹಿಂದಿನ ಸಂಜೆಯೇ ಸುರಪುರ ಸೇರಿ ಪರಿಚಿತರ ಮನೆಯಲ್ಲಿ ಉಳಿದೆ. ಅಂಗಳದಲ್ಲಿ ಹಾಸಿಗೆ. ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮನೆಯ ತಾಯಿ ನಸುಕಿಗೇ ಎದ್ದು ಚಹಾ ಕಾಸಿ, ‘ಥಂಡಿ ಅದ, ಹೊದ್ಕೊಂಡು ಹೋಗ್ರಿ’ ಎಂದು ಒಂದು ಚಾದರ ಕೈಗಿಟ್ಟರು. ಅರ್ಧ ಗಂಟೆಯಲ್ಲಿ ಕೆರೆಯೇರಿಯ ಮೇಲಿದ್ದೆ. ಇನ್ನೂ ಕತ್ತಲು.

ಮೊದಲು ಬಂದದ್ದು ಸದ್ದು. ಹೊಲಗಳ ದಿಕ್ಕಿನಿಂದ, ದೂರದ ಜಾತ್ರೆಯ ಗದ್ದಲದ ಹಾಗೆ, ಮೂಗಿನಿಂದ ಹೊರಡುವ ‘ಆಂಗ್ ಆಂಗ್’ ಎಂಬ ಕೂಗು. ಆಮೇಲೆ ಮಸುಕು ಆಕಾಶದಲ್ಲಿ ಒಂದು ಎಳೆ, ಅದರ ಹಿಂದೆ ಇನ್ನೊಂದು ಎಳೆ. ಕೆರೆಯ ಮೇಲೆ ಬಂದೊಡನೆ ಆ ಎಳೆಗಳು ಹರಿದು, ಒಂದೊಂದು ಹಕ್ಕಿಯೂ ಗಾಳಿಯಲ್ಲಿ ಓಲಾಡುತ್ತ, ಕಾಲು ಮುಂದೆ ಚಾಚಿ ನೀರು ಗೀಚಿ ಇಳಿಯಿತು. ಬೆಳಕು ಹರಿದಾಗ ದಡಕ್ಕೆ ಹತ್ತಿರದಲ್ಲಿ ಇಳಿದ ಒಂದು ಹಕ್ಕಿಯ ಮೇಲೆ ಬೈನಾಕ್ಯುಲರ್ ಹಿಡಿದೆ. ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ, ಕಿತ್ತಳೆ ಕೊಕ್ಕು. ಕೊಕ್ಕಿನ ಬುಡಕ್ಕೆ ಗದ್ದೆಯ ಕಪ್ಪು ಮಣ್ಣು ಮೆತ್ತಿತ್ತು. ಅದು ಕೊಕ್ಕನ್ನು ನೀರಿಗದ್ದಿ ಎರಡು ಸಲ ಅಲ್ಲಾಡಿಸಿತು. ಮಣ್ಣು ತೊಳೆದುಹೋಯಿತು. ಹಿಮಾಲಯ ದಾಟಿ ಬಂದ ಹಕ್ಕಿ ನಮ್ಮೂರ ಮಣ್ಣಿನಲ್ಲಿ ದುಡಿದು ಬಂದು ಮುಖ ತೊಳೆಯುತ್ತಿತ್ತು. ಆ ಒಂದು ನೋಟಕ್ಕೆ ಯಾದಗಿರಿಯ ಒಳ್ಳೆಯ ಕೋಣೆ ಸಮವಾಗಲಿಲ್ಲ. ಕೋಣೆಯ ತಪ್ಪೇನೂ ಇರಲಿಲ್ಲ, ಅದು ಕೆರೆಗೆ ದೂರವಿತ್ತು ಅಷ್ಟೇ.

ಇಲ್ಲಿ ಎಲ್ಲಿ ಉಳಿಯಬೇಕು

ಬೋನಾಳದ ದಡದಲ್ಲಿ ಹೋಟೆಲ್‌ಗಳ ಸಾಲಿಲ್ಲ. ನನಗೆ ಅದು ಕೊರತೆ ಎನಿಸುವುದಿಲ್ಲ. ಹತ್ತಿರದ ಊರು ಸುರಪುರ. ಅಲ್ಲಿನ ಗುಡ್ಡದ ಮೇಲೆ ಟೇಲರ್ 1844ರಲ್ಲಿ ಕಟ್ಟಿಸಿದ ಬಂಗಲೆ ಇಂದಿಗೂ ‘ಟೇಲರ್ ಮಂಜಿಲ್’ ಎಂದೇ ಹೆಸರಾಗಿ, ಸರ್ಕಾರಿ ಅತಿಥಿಗೃಹವಾಗಿ ಉಳಿದಿದೆ. ಇಂಥ ಸರ್ಕಾರಿ ಬಂಗಲೆಗಳಲ್ಲಿ ಕೋಣೆ ಬೇಕಾದರೆ ಮೊದಲೇ ಅನುಮತಿ ಪಡೆದಿರಬೇಕು. ಅಧಿಕಾರಿಗಳ ಪ್ರವಾಸವಿದ್ದರೆ ಕೊನೆಯ ಗಳಿಗೆಯಲ್ಲಿ ಸಿಗದಿರಬಹುದು. ಸುರಪುರ, ಶಹಾಪುರದ ಸಾಧಾರಣ ಲಾಡ್ಜ್‌ಗಳು ಸಾಕು. ರೈಲಿನಲ್ಲಿ ಬರುವವರು ಯಾದಗಿರಿಯಲ್ಲಿ ಇಳಿದು, ಅಲ್ಲೇ ಉಳಿಯದೆ ಸಂಜೆಯೊಳಗೆ ಸುರಪುರ ಸೇರಿಕೊಳ್ಳಿ. ಮಧ್ಯಾಹ್ನದ ಬಿಡುವಿಗೆ ವನದುರ್ಗದ ಕೋಟೆ, ಶಹಾಪುರದ ಮಲಗಿದ ಬುದ್ಧನ ಆಕಾರದ ಬೆಟ್ಟ, ನಾರಾಯಣಪುರದ ಬಸವಸಾಗರ ಇವೆ. ಬೆಳಗು ಮತ್ತು ಸಂಜೆ ಮಾತ್ರ ಕೆರೆಗೆ ಮೀಸಲಿಡಿ. ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬಿಸಿಲು ಬಲಿತು ಮಾರ್ಚ್ ಬಂತೆಂದರೆ ಹೆಬ್ಬಾತುಗಳು ಉತ್ತರಕ್ಕೆ ಮುಖ ಮಾಡುತ್ತವೆ.

ಕೆರೆಯಷ್ಟೇ ಅಲ್ಲ, ಸುತ್ತಲ ಹೊಲಗಳನ್ನೂ ನೋಡಿ. ಹಿಂಗಾರಿ ಜೋಳಕ್ಕೆ ಹಾಲುಗಾಳು ಕಟ್ಟುವಾಗ ಗುಲಾಬಿ ಕಬ್ಬಕ್ಕಿಗಳು ಮೋಡದಂತೆ ಬಂದು ಎರಗುತ್ತವೆ. ಅವು ಮಧ್ಯ ಏಷ್ಯಾದ ಕಡೆಯಿಂದ ಬಂದವು. ಬೀಳು ಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುವ ಸೆಳೆವ ಹಕ್ಕಿ ಮಿಡತೆ ಹುಡುಕುತ್ತಿರುತ್ತದೆ. ರೈತನಿಗೆ ಒಂದು ನಷ್ಟ ತರುತ್ತದೆ, ಇನ್ನೊಂದು ಲಾಭ. ವಲಸೆ ಎಂದರೆ ಈ ಲೆಕ್ಕವೂ ಹೌದು.

ಬೋನಾಳದಲ್ಲಿ ಕಂಡದ್ದನ್ನು ಇನ್ನೂ ದೊಡ್ಡ ಸಂಖ್ಯೆಯಲ್ಲಿ ನೋಡಬೇಕೆನ್ನುವವರಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ ಇದೆ. ಸುಮಾರು 50 ಹೆಕ್ಟೇರಿನ ಆ ಕೆರೆಯಲ್ಲಿ ಚಳಿಗಾಲಕ್ಕೆ ಎಂಟು ಸಾವಿರದಷ್ಟು ಪಟ್ಟೆತಲೆ ಹೆಬ್ಬಾತುಗಳು ತಂಗುತ್ತವೆ. 2024ರಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಮೂರಕ್ಕೂ ರಾಮ್ಸರ್ ಮಾನ್ಯತೆ ಸಿಕ್ಕಿತು. ಅಲ್ಲಿಯೂ ಉಳಿಯುವ ಊರು ಆರಿಸುವಾಗ ನಸುಕಿನಲ್ಲಿ ಕೆರೆ ತಲುಪಲು ಎಷ್ಟು ಹೊತ್ತು ಬೇಕೆಂದು ಮೊದಲು ಕೇಳಿ.

ಬೇಸಿಗೆ ರಜೆ ಒಂದೇ ಸಿಗುವ ಕುಟುಂಬಗಳಿಗೂ ನಮ್ಮ ರಾಜ್ಯದಲ್ಲಿ ಉತ್ತರವಿದೆ. ಮಾರ್ಚ್‌ನಿಂದ ಮೇವರೆಗೆ ಕಬಿನಿ ಜಲಾಶಯದ ನೀರು ಇಳಿದಂತೆ ಹಿನ್ನೀರಿನ ತಳದಲ್ಲಿ ಹಸಿರು ಹುಲ್ಲು ಮೂಡುತ್ತದೆ. ನಾಗರಹೊಳೆ, ಬಂಡೀಪುರದ ಒಣಗಿದ ಕಾಡಿನಿಂದ ಆನೆಗಳು ಕುಟುಂಬ ಸಮೇತ ಅಲ್ಲಿಗೆ ಇಳಿದು ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗ ಬೇರೆ ಸಿಗುವುದು ಕಷ್ಟ. ಅದೂ ನೀರು, ಹುಲ್ಲಿನ ಬೆನ್ನು ಹತ್ತಿದ ವಲಸೆಯೇ. ಅಲ್ಲಿ ಕೋಣೆಯ ಕಿಟಕಿ ಯಾವ ಕಡೆಗಿದೆ ಎಂಬುದಕ್ಕಿಂತ ಸಫಾರಿ ಹೊರಡುವ ಜಾಗ ಎಷ್ಟು ದೂರ, ದೋಣಿ ಸಿಗುತ್ತದೆಯೇ ಎಂಬುದು ಮುಖ್ಯ.

ಮಕ್ಕಳ ಶಾಲೆಯ ರಜೆಗೆ ಹೀಗೊಂದು ಪಂಚಾಂಗ ಬರೆದಿಡಬಹುದು. ಸಂಕ್ರಾಂತಿಯ ಆಸುಪಾಸಿಗೆ ಬೋನಾಳ, ಮಾಗಡಿ. ಬೇಸಿಗೆಗೆ ಕಬಿನಿ. ಕೈಯಲ್ಲಿ ದುಡ್ಡಿದ್ದು ದಸರಾ ಬೇಗ ಬಂದ ವರ್ಷ ಮಸಾಯಿ ಮಾರಾ.

ಹಿಂಡಿನ ದಾರಿಗೆ ಅಡ್ಡ

ತಂಗುವ ಜಾಗ ಆರಿಸುವಾಗ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ನಾನು ಮಲಗುವ ಜಾಗ ಹಿಂಡಿನ ದಾರಿಯ ಮೇಲಿದೆಯೇ? 2025ರ ಆಗಸ್ಟ್‌ನಲ್ಲಿ ಮಸಾಯಿ ಮಾರಾದ ಸ್ಯಾಂಡ್ ನದಿಯ ದಡದಲ್ಲಿ ಐಷಾರಾಮಿ ಶಿಬಿರವೊಂದು ತೆರೆಯಿತು. ಅದು ವೈಲ್ಡ್‌ಬೀಸ್ಟ್‌ಗಳು ಸೆರೆಂಗೆಟಿಗೆ ಹೋಗಿ ಬರುವ ದಾರಿಗೆ ಅಡ್ಡವಾಗಿದೆ ಎಂದು ಮಸಾಯಿ ಮುಖಂಡರೊಬ್ಬರು ಕೀನ್ಯಾದ ನ್ಯಾಯಾಲಯದ ಮೆಟ್ಟಿಲೇರಿದರು. ಶಿಬಿರದವರು ಆರೋಪ ಒಪ್ಪಲಿಲ್ಲ. ಅದೇ ವರ್ಷದ ಜುಲೈನಲ್ಲಿ ಕೊಗಾಟೆಂಡೆಯ ದಡದಲ್ಲಿ ಪ್ರವಾಸಿಗರು ಜೀಪಿನಿಂದ ಇಳಿದು ನಿಂತು, ನದಿಗಿಳಿಯಲು ಬಂದ ಹಿಂಡನ್ನೇ ತಡೆದ ವಿಡಿಯೊ ಜಗತ್ತೆಲ್ಲ ಸುತ್ತಿತು. ನೋಡಲು ಹೋದವರೇ ನೋಟವನ್ನು ಹಾಳುಗೆಡವಿದರು. ಕೀನ್ಯಾದ ಲೋಯಿಟಾ ಬಯಲಿನಿಂದ ಮಾರಾಕ್ಕೆ ಬರುತ್ತಿದ್ದ ಇನ್ನೊಂದು ಸಣ್ಣ ವಲಸೆಯಂತೂ ಬೇಲಿಗಳ ನಡುವೆ ಸಿಕ್ಕಿ ಬಹುಪಾಲು ಕುಸಿದಿದೆ.

ನಮ್ಮ ಕೆರೆಗಳಿಗೂ ಈ ಮಾತು ಅನ್ವಯಿಸುತ್ತದೆ. ಕೆರೆಯಂಚಿಗೆ ಕಣ್ಣು ಕೋರೈಸುವ ದೀಪ, ಧ್ವನಿವರ್ಧಕ, ಮದ್ದು ಸುಡುವ ಸಂಭ್ರಮ ಬಂದರೆ ಹೆಬ್ಬಾತು ರಾತ್ರಿ ಮೇಯಲು ಹೊರಡುವ ದಾರಿ ಕೆಡುತ್ತದೆ. ಡ್ರೋನ್ ಹಾರಿಸಿ ಹಿಂಡನ್ನು ಎಬ್ಬಿಸಿದರೆ, ಸಾವಿರಾರು ಮೈಲಿ ಮರುಪಯಣಕ್ಕೆಂದು ಕೂಡಿಟ್ಟ ಕೊಬ್ಬು ಅಷ್ಟರಲ್ಲೇ ಕರಗುತ್ತದೆ. ಆಳದ ನೀರೊಂದೇ ಹಕ್ಕಿಗೆ ಸಾಲದು. ಕಾಲೂರಿ ಮೇಯಲು ಅಂಚಿನ ತೆಳುನೀರು, ಕೆಸರು ಬೇಕು. ಅಂಚನ್ನು ಕಲ್ಲು ಕಟ್ಟಿ ‘ಸುಂದರ’ಗೊಳಿಸಿದರೆ ಕೆರೆ ನಮ್ಮ ಕಣ್ಣಿಗೆ ಚಂದ ಕಾಣುತ್ತದೆ, ಹಕ್ಕಿಗೆ ಊಟ ಇಲ್ಲವಾಗುತ್ತದೆ. ಬೋನಾಳಕ್ಕೆ ಪ್ರವಾಸೋದ್ಯಮ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಅದು ಏರಿಯ ಮೇಲಿನ ರೆಸಾರ್ಟ್ ಆಗುವುದು ಬೇಡ, ಸುರಪುರ, ಬೋನಾಳದ ಮನೆಗಳ ಅಂಗಳವಾಗಲಿ. ರೊಟ್ಟಿ ಬಡಿಯುವ ಕೈಗೆ ನಾಲ್ಕು ಕಾಸು ಸಿಕ್ಕರೆ, ನಸುಕಿಗೆ ದಾರಿ ತೋರಿಸುವ ಹುಡುಗನಿಗೆ ಕೂಲಿ ಸಿಕ್ಕರೆ, ಕೆರೆಯನ್ನು ಕಾಯಲು ಬೇರೆ ಕಾವಲು ಬೇಕಿಲ್ಲ. ಮಸಾಯಿ ಜಮೀನುದಾರರು ಕನ್ಸರ್ವೆನ್ಸಿಯಲ್ಲಿ ಕಂಡುಕೊಂಡದ್ದೂ ಇದನ್ನೇ.

ವನದುರ್ಗದ ಆ ಹೊಲಕ್ಕೆ ಮರುದಿನ ಬೆಳಿಗ್ಗೆ ಮತ್ತೆ ಹೋಗಿದ್ದೆ. ಬಲೆ ಬಿಚ್ಚಿಯಾಗಿತ್ತು. ಕುದುರೆಗೆ ಸಾಮಾನು ಹೇರುತ್ತಿದ್ದರು. ಹೊಲದ ಮಾಲೀಕರು ಬಂದು, ಕುರಿ ತರುಬಿದ್ದಕ್ಕೆ ಹಿರಿಯರ ಕೈಗೆ ಒಂದಿಷ್ಟು ಜೋಳ, ದುಡ್ಡು ಕೊಟ್ಟರು. ತಂಗಿದವನಿಗೇ ನೆಲದವನು ಬಾಡಿಗೆ ಕೊಡುವ ಲೆಕ್ಕ ಇದು. ಒಂದು ರಾತ್ರಿ ಹಿಂಡು ಮಲಗಿದ ಆ ಮಣ್ಣಿನ ತುಂಬ ಹಿಕ್ಕೆ ಹಾಸಿತ್ತು. ಮುಂದಿನ ಬೆಳೆಗೆ ಅದೇ ಗೊಬ್ಬರ.

ಬಂಧುವಿಗೆ ಅಂದೇ ಫೋನ್ ಮಾಡಿ ಹೇಳಿದೆ. ಬೇಸಿಗೆ ರಜೆಗೆ ಕಬಿನಿಗೆ ಹೋಗಿ ಬನ್ನಿ, ಮಾರಾದ ದುಡ್ಡನ್ನು ದಸರಾಕ್ಕೆ ಎತ್ತಿಡಿ, ಅದಕ್ಕೂ ಮೊದಲು ಮಕ್ಕಳನ್ನು ಒಂದು ವಾರಾಂತ್ಯ ಊರಿಗೆ ಕಳಿಸಿ, ಹೆಬ್ಬಾತುಗಳು ಇನ್ನೂ ಇವೆ ಎಂದು. ನಿಮಗೂ ಅದನ್ನೇ ಹೇಳುತ್ತೇನೆ. ಕೋಣೆ ಹುಡುಕುವ ಮುನ್ನ ಹಿಂಡು ಎಲ್ಲಿದೆ ಎಂದು ಕೇಳಿ. ನೀರಿಗೆ ಹತ್ತಿರ ಉಳಿಯಿರಿ, ದಾರಿಗೆ ಅಡ್ಡ ಉಳಿಯಬೇಡಿ. ಹೊರಡುವಾಗ ಉಳಿದ ನೆಲಕ್ಕೂ ಅಲ್ಲಿನ ಜನಕ್ಕೂ ಒಳಿತಾಗುವಂಥದ್ದೇನನ್ನಾದರೂ ಬಿಟ್ಟು ಬನ್ನಿ.